ಎಡಗಡೆ ಸೀಟಿನವರು

ಕಾರು ಹತ್ತುವ ಮೊದಲು ಅವರು ಬಲಗಾಲಿನ ಚಪ್ಪಲಿಯನ್ನು ಬಿಚ್ಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಎಡಗಾಲಿನ ಚಪ್ಪಲಿ ಕಾಲಿನಲ್ಲೇ ಇರುತ್ತಿತ್ತು. ಅಗಲವಾದ ಪಾದ, ಒಡೆದ ಹಿಮ್ಮಡಿ, ಒಳಗೆ ಮಡಚಿಕೊಂಡ ಕಿರುಬೆರಳು. ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಆ ಬರಿಗಾಲು ಅದರ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ, ಮುಟ್ಟಿಯೂ ಮುಟ್ಟದ ಹಾಗೆ, ಪಾಠ ಮುಗಿಯುವವರೆಗೂ ನಿಂತಿರುತ್ತಿತ್ತು. ರಸ್ತೆ ನೋಡಬೇಕಾದ ನಾನು ಮೊದಲ ವಾರವೆಲ್ಲ ಆ ಪಾದವನ್ನೇ ಓರೆಗಣ್ಣಿನಿಂದ ನೋಡುತ್ತಿದ್ದೆ. ಅದು ಸ್ವಲ್ಪ ಕೆಳಗಿಳಿದರೆ ನಾನು ಏನೋ ತಪ್ಪು ಮಾಡಲಿದ್ದೇನೆ ಎಂದು ಗೊತ್ತಾಗುತ್ತಿತ್ತು.

"ನನ್ನ ಕಾಲು ನೋಡ್ಬೇಡ ಮಾರಾಯ್ತಿ. ಅದಕ್ಕೆ ಲೈಸೆನ್ಸ್ ಆಗ್ಲೇ ಇದೆ" ಎನ್ನುತ್ತಿದ್ದರು.

ಅವರು ಕೊಪ್ಪದಲ್ಲಿ ನನಗೆ ಕಾರು ಕಲಿಸಿದ ಮೇಷ್ಟ್ರು. ಬಸ್ ನಿಲ್ದಾಣದಿಂದ ಸ್ವಲ್ಪ ಮೇಲೆ, ಟೈಲರ್ ಅಂಗಡಿಯ ಪಕ್ಕದ ಒಂದೇ ಕೋಣೆ ಅವರ ಡ್ರೈವಿಂಗ್ ಸ್ಕೂಲು. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ರಸ್ತೆ ಚಿಹ್ನೆಗಳ ಮಾಸಿದ ಪಟ, ಹೊರಗೆ ಒಂದು ಬಿಳಿ ಕಾರು. ಅಷ್ಟೇ.

ನಾನು ಶೆಟ್ಟಿಕೊಪ್ಪದವಳು. ನರ್ಸಿಂಗ್ ಮುಗಿಸಿ ಕೊಪ್ಪದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಜರ್ಮನಿಗೆ ಹೋಗುವ ಏರ್ಪಾಡು ನಡೆದಿತ್ತು. ಅಲ್ಲಿ ಕಾಯಿಲೆಯವರ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ, ಗಾಯ ತೊಳೆಯುವ ಕೆಲಸ. ಅದಕ್ಕೆ ಕಾರು ಓಡಿಸಲು ಬರಬೇಕು, ಲೈಸೆನ್ಸಿನ ಪ್ರತಿ ಕಳಿಸಿ ಎಂದು ಏಜೆನ್ಸಿಯವರು ಬರೆದಿದ್ದರು. ಹಾಗಾಗಿ ನನಗೆ ಬೇಕಾಗಿದ್ದದ್ದು ಕಾರ್ಡು. ಓಡಿಸುವುದನ್ನು ಆಮೇಲೆ ಕಲಿತರಾಯಿತು ಎಂದುಕೊಂಡಿದ್ದೆ.

ಟೆಸ್ಟು ಸಮತಟ್ಟಾದ ಜಾಗದಲ್ಲಿ ನಡೆಯಿತು. ಪಾಸಾದೆ. ನಾನಿದ್ದ ಬಾಡಿಗೆ ಕೋಣೆ ಹಗಲೆಲ್ಲ ಬೀಗ ಹಾಕಿರುತ್ತಿದ್ದುದರಿಂದ ಅರ್ಜಿಯಲ್ಲಿ ಮೇಷ್ಟ್ರ ಸ್ಕೂಲಿನ ವಿಳಾಸ ಕೊಟ್ಟಿದ್ದೆ. ಕಾರ್ಡು ಅಂಚೆಯಲ್ಲಿ ಅಲ್ಲಿಗೇ ಬಂತು. ಕೇಳಲು ಹೋದರೆ ಅವರು ಮೇಜಿನ ಡ್ರಾಯರ್ ಎಳೆದು ಲಕೋಟೆಯನ್ನು ತೋರಿಸಿ ಮತ್ತೆ ಒಳಗಿಟ್ಟರು.

"ಕಾರ್ಡು ಬಂದಿದೆ. ನಿನಗೆ ಬಂದಿಲ್ಲ ಇನ್ನೂ."

ತಮಾಷೆ ಎಂದುಕೊಂಡೆ. ಅಲ್ಲವಾಗಿತ್ತು. ಏಜೆನ್ಸಿಗೆ ಕಳಿಸಬೇಕು ಸರ್ ಎಂದರೆ, ಎದುರಿನ ಅಂಗಡಿಗೆ ತಾವೇ ಹೋಗಿ ಜೆರಾಕ್ಸ್ ಮಾಡಿಸಿ ತಂದು ಕೊಟ್ಟರು. "ಜೆರಾಕ್ಸ್ ಎಷ್ಟು ಬೇಕಾದ್ರೂ ತಗೋ. ಅದನ್ನು ಹಿಡ್ಕೊಂಡು ಯಾರೂ ಕಾರು ಹತ್ತಲ್ಲ."

ಸಿಟ್ಟು ಬಂದು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಮಾರನೆಯ ದಿನವೇ ಶೆಟ್ಟಿಕೊಪ್ಪದಿಂದ ಬಂದರು.

"ಎಂತ ಮಾರಾಯ್ರೆ, ಸರ್ಕಾರ ಕೊಟ್ಟ ಲೈಸೆನ್ಸನ್ನ ನೀವು ಇಟ್ಕೊಂಡ್ರೆ ಹೆಂಗೆ?"

ಮೇಷ್ಟ್ರು ಲಕೋಟೆಯನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕಾರಿನ ಕೀಲಿಯನ್ನೂ ಇಟ್ಟರು. "ಈಗ್ಲೇ ಕೊಡ್ತೀನಿ. ನೀವು ಮಗಳ ಪಕ್ಕ ಕೂತ್ಕೊಂಡು ಶೃಂಗೇರಿಗೆ ಹೋಗಿ ಬನ್ನಿ. ನಾನು ಬರಲ್ಲ. ನೀವಿಬ್ರೇ."

ಅಪ್ಪ ಕೀಲಿ ನೋಡಿದರು, ನನ್ನನ್ನು ನೋಡಿದರು. "ಶೃಂಗೇರಿಗೆ ಬಸ್ಸು ಎಷ್ಟೊತ್ತಿಗಿದೆ?" ಎಂದರು. ಮೇಷ್ಟ್ರು ಲಕೋಟೆಯನ್ನು ಡ್ರಾಯರಿಗೆ ಹಾಕಿದರು.

ಕಾರ್ಡು ಸಿಗಬೇಕಾದರೆ ಮಾಡಬೇಕಾದದ್ದು ಒಂದೇ. ಮೇಗುಂದದ ಕಡೆಗೆ ಹೋಗುವಾಗ ಒಂದು ಕಡಿದಾದ ಏರು ಸಿಗುತ್ತದೆ. ಅದರ ಅರ್ಧದಲ್ಲಿ ಕಾರು ನಿಲ್ಲಿಸಬೇಕು. ಮೇಷ್ಟ್ರು ಇಳಿದು ಹೋಗಿ ಹಿಂದಿನ ಚಕ್ರದ ಹಿಂದೆ ಒಂದು ಬೆಂಕಿಪೊಟ್ಟಣ ಇಡುತ್ತಿದ್ದರು. ಕಾರು ಹಿಂದಕ್ಕೆ ಜಾರದೆ, ಪೊಟ್ಟಣ ಅಪ್ಪಚ್ಚಿಯಾಗದೆ ಮುಂದಕ್ಕೆ ಹೊರಡಬೇಕು. ಖಾಲಿ ಪೊಟ್ಟಣ ಇಡುತ್ತಿರಲಿಲ್ಲ, ಕಡ್ಡಿ ತುಂಬಿದ್ದನ್ನೇ ಇಡುತ್ತಿದ್ದರು. "ಖಾಲಿದಾದ್ರೆ ನಿಂಗೆ ಮರುಕ ಬರಲ್ಲ" ಎನ್ನುತ್ತಿದ್ದರು.

ನಾನು ಎಷ್ಟು ಪೊಟ್ಟಣ ಹಾಳು ಮಾಡಿದೆನೋ ಲೆಕ್ಕವಿಲ್ಲ. ಒಮ್ಮೆ ಅವರ ಮನೆಗೆ ಹೋದಾಗ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ನನ್ನ ಮುಖ ನೋಡಿಯೇ ಶುರು ಮಾಡಿದರು. "ದೇವರಿಗೆ ದೀಪ ಹಚ್ಚಣ ಅಂದ್ರೆ ಮನೇಲಿ ಒಂದು ಕಡ್ಡಿ ಇಲ್ಲ. ಎಲ್ಲ ನಿಮ್ಮ ಚಕ್ರದ ಅಡಿಗೆ ಹೋಯ್ತು." ಮೇಷ್ಟ್ರು ಪೇಪರ್ ಓದುತ್ತಿದ್ದವರು ತಲೆ ಎತ್ತದೆ, "ಅವಳು ಕಲಿಯೋವರೆಗೆ ಕತ್ತಲಲ್ಲೇ ಕೈ ಮುಗಿ" ಎಂದರು.

ಮೂರು ತಿಂಗಳಾಯಿತು. ಒಂದು ದಿನ ಬೆಳಿಗ್ಗೆ ಕಾರು ಜಾರದೆ ಮೇಲೆ ಹೋಯಿತು. ಅವರು ಪೊಟ್ಟಣ ಎತ್ತಿ, ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿ, ಕಿಸೆಗೆ ಹಾಕಿಕೊಂಡರು. ಹೊಗಳಲಿಲ್ಲ. ಸ್ಕೂಲಿಗೆ ವಾಪಸು ಬಂದ ಮೇಲೆ ಡ್ರಾಯರ್ ತೆಗೆದು ಲಕೋಟೆ ಕೊಟ್ಟರು. "ಈಗ ಇದು ನಿಂದು."

ಅವರು ಕಲಿಸಿದ ಇನ್ನೊಂದು ಪಾಠವನ್ನೂ ಹೇಳಬೇಕು. ಕೊಪ್ಪ-ಶೃಂಗೇರಿ ರಸ್ತೆಯಲ್ಲಿ ಹಿಂದಿನಿಂದ ಯಾವುದಾದರೂ ಗಾಡಿ ಅವಸರ ಮಾಡಿದರೆ ಎಡಕ್ಕೆ ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಅಂಚಿಗೆ ಸರಿದು ದಾರಿ ಬಿಡಬೇಕು. "ಅವನಿಗೆ ಎಂತದೋ ಅರ್ಜೆಂಟ್ ಇರತ್ತೆ. ನಮಗಿಲ್ವಲ್ಲ. ಸೈಡ್ ಕೊಡು." ಎಷ್ಟು ಸಲ ಹೇಳಿದ್ದರೆಂದರೆ, ಕನ್ನಡಿಯಲ್ಲಿ ಹಿಂದಿನ ಗಾಡಿ ದೊಡ್ಡದಾಗಿ ಕಂಡರೆ ಸಾಕು, ನನ್ನ ಕೈ ತಾನಾಗಿ ಇಂಡಿಕೇಟರಿಗೆ ಹೋಗುತ್ತಿತ್ತು.

ಹೊರಡುವ ಮುಂಚೆ ವಿದಾಯ ಹೇಳಲು ಹೋದಾಗ ಅವರ ಬಲಗಾಲಿನ ಕಿರುಬೆರಳಿನ ಹತ್ತಿರ ಒಂದು ಗುಳ್ಳೆ ಒಡೆದಿರುವುದನ್ನು ಕಂಡೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಆಸ್ಪತ್ರೆಯಿಂದ ಔಷಧಿ ತಂದು ತೊಳೆದು ಪಟ್ಟಿ ಕಟ್ಟಿದೆ. ಇನ್ನು ಮೇಲೆ ಬರಿಗಾಲು ಬೇಡ, ಬ್ರೇಕಿನ ಕಬ್ಬಿಣ ಉಜ್ಜುತ್ತದೆ, ನಿಮಗೆ ನೋವು ಗೊತ್ತಾಗುವುದಿಲ್ಲ, ಅದೇ ಅಪಾಯ ಎಂದೆ.

"ಚಪ್ಪಲಿ ಹಾಕಿದ್ರೆ ಬ್ರೇಕು ಎಷ್ಟು ಒತ್ತಿದೀನಿ ಅಂತ ಗೊತ್ತಾಗಲ್ಲ. ಜಾಸ್ತಿ ಒತ್ತಿದ್ರೆ ಕಲಿಯೋರು ಹೆದರ್ತಾರೆ" ಎಂದರು. ನಾನು ಮತ್ತೆ ಗದರಿದೆ. ಆಯ್ತು ಮಾರಾಯ್ತಿ ಎಂದರು. ನಂಬಿ ಹೊರಟೆ.

ಜರ್ಮನಿಯಲ್ಲಿ ನಮ್ಮ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಅಷ್ಟರೊಳಗೆ ಓದಿ ಬರೆಯುವ ಪರೀಕ್ಷೆಯನ್ನೂ ಓಡಿಸುವ ಪರೀಕ್ಷೆಯನ್ನೂ ಪಾಸು ಮಾಡಿ, ಹಳೆಯ ಕಾರ್ಡನ್ನು ಅವರಿಗೆ ಒಪ್ಪಿಸಿ, ಅಲ್ಲಿಯದನ್ನು ಪಡೆಯಬೇಕು. ನನ್ನ ಕೆಲಸ ಕಾಯಂ ಆಗುವುದೂ ಅದೇ ಆರು ತಿಂಗಳಿಗೆ. ಕಾರಿಲ್ಲದ ನರ್ಸು ಈ ಗುಡ್ಡಗಳಲ್ಲಿ ಏನು ಮಾಡುತ್ತಾಳೆ ಎಂದು ಅಲ್ಲಿಯ ಮೇಲಿನವರು ಮೊದಲ ದಿನವೇ ಕೇಳಿದ್ದರು. ಓದಿ ಬರೆಯುವುದು ಸುಲಭವಾಗಿಯೇ ಆಯಿತು. ಓಡಿಸುವ ಪರೀಕ್ಷೆ ಐದನೆಯ ತಿಂಗಳಿಗೆ ನಿಗದಿಯಾಯಿತು.

ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು, ಸ್ಟಿಯರಿಂಗ್ ಎಡಗಡೆ. ಪರೀಕ್ಷೆಯ ದಿನ ಪರೀಕ್ಷಕರು ಹಿಂದೆ ಕೂರುತ್ತಾರೆ. ಅಲ್ಲಿಯ ಮೇಷ್ಟ್ರು ನಮ್ಮ ಪಕ್ಕದಲ್ಲಿ, ತಮ್ಮ ಬ್ರೇಕಿನ ಮುಂದೆ. ಅವರು ಆ ಬ್ರೇಕು ಮುಟ್ಟಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅರ್ಧ ಗಂಟೆ ಚೆನ್ನಾಗಿಯೇ ಓಡಿಸಿದೆ. ಆಮೇಲೆ ಹಿಂದೆ ಒಂದು ವ್ಯಾನು ತೀರಾ ಹತ್ತಿರ ಬಂದು ಎರಡು ಸಲ ಲೈಟು ಹಾಕಿತು. ಕೈ ತಾನಾಗಿ ಹೋಯಿತು. ಅಲ್ಲಿಯ ಅಂಚು ಬಲಗಡೆ ಎಂಬುದು ನೆನಪಿತ್ತು. ಬಲಕ್ಕೆ ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಅಂಚಿಗೆ ಸರಿದೆ. ಅಂಚಿನಲ್ಲಿದ್ದದ್ದು ಸೈಕಲ್ಲಿನವರ ದಾರಿ. ಅದರಲ್ಲಿ ಒಬ್ಬಾಕೆ ಬರುತ್ತಿದ್ದಳು. ಪಕ್ಕದ ಶೂ ಬ್ರೇಕನ್ನು ಒತ್ತಿತು.

ಮಧ್ಯಾಹ್ನ ಕೊಪ್ಪಕ್ಕೆ ಫೋನ್ ಮಾಡಿದೆ. ಅಲ್ಲಿ ಸಂಜೆ.

"ಸರ್, ನೀವು ಕಲಿಸಿದ್ದನ್ನೇ ಮಾಡಿ ಫೇಲಾದೆ."

"ಎಂತ ಮಾಡ್ದೆ?"

"ಸೈಡ್ ಕೊಟ್ಟೆ."

ಎಲ್ಲವನ್ನೂ ಹೇಳಿಸಿಕೊಂಡರು. ಕೊನೆಗೆ, "ಆ ವ್ಯಾನಿನವನು ಮುಂದೆ ಹೋದ್ನಾ?" ಎಂದರು.

"ಹೋದ."

"ಸರಿ, ಅವನಾದ್ರೂ ಪಾಸಾದ."

ನಾನು ನಗಲಿಲ್ಲ. ಅವರ ದನಿ ಮೆತ್ತಗಾಯಿತು. "ನೋಡು, ನಿನ್ನ ಫೇಲ್ ಮಾಡಿದ್ದು ಸೈಡ್ ಕೊಟ್ಟಿದ್ದಕ್ಕಲ್ಲ. ನೋಡದೆ ಕೊಟ್ಟಿದ್ದಕ್ಕೆ. ಅಲ್ಲಿ ಸ್ಟಿಯರಿಂಗು ಯಾವ ಕಡೆ?"

"ಎಡಗಡೆ."

"ಅಂದ್ರೆ ನನ್ನ ಸೀಟು. ಆ ಸೀಟಲ್ಲಿ ಕೂತವನ ಕೆಲಸ ಎಂತದು?"

"ಬೈಯೋದು."

ಅವರು ನಗುತ್ತ ಕೆಮ್ಮಿದರು. "ಅದು ಬಿಟ್ಟು."

"ನೋಡೋದು."

"ಹಾಂ. ಓಡ್ಸೋದು ನಿನ್ನ ಕೆಲಸ ಆಗಿತ್ತು, ನೋಡೋದು ನಂದು. ದನ, ಸೈಕಲ್ಲು, ಶಾಲೆ ಮಕ್ಕಳು, ಎಲ್ಲ ನಾನು ನೋಡ್ಕೊಳ್ತಿದ್ದೆ. ನಿಂಗೆ ಅದೇ ಅಭ್ಯಾಸ ಆಗಿದೆ. ಈಗ ನನ್ನ ಸೀಟಲ್ಲಿ ಕೂತಿದೀಯ. ಎರಡೂ ನೀನೇ ಮಾಡು. ಅಲ್ಲಿ ನಾನಿಲ್ಲ."

ಎರಡನೆಯ ಪರೀಕ್ಷೆ ಆರನೆಯ ತಿಂಗಳು ಮುಗಿಯಲು ಎರಡು ವಾರವಿರುವಾಗ. ಕಾರಿನಲ್ಲಿ ಕೂತು ಮೊದಲು ಮಾಡಿದ ಕೆಲಸ, ಇದು ಅವರ ಸೀಟು ಎಂದು ನೆನೆದದ್ದು. ಪ್ರತಿ ತಿರುವಿನಲ್ಲೂ ಕನ್ನಡಿ ನೋಡಿ, ಕುತ್ತಿಗೆ ತಿರುಗಿಸಿ ಹೆಗಲ ಮೇಲಿಂದಲೂ ನೋಡಿದೆ. ಪಕ್ಕದ ಶೂ ಕೊನೆಯವರೆಗೂ ಅಲುಗಲಿಲ್ಲ.

ಪಾಸಾದೆ ಎಂದು ಹೇಳಲು ಫೋನ್ ಮಾಡಿದಾಗ ಅಕ್ಕ ತೆಗೆದುಕೊಂಡು ಅವರ ಕಿವಿಗೆ ಹಿಡಿದರು. ದನಿ ಸಣ್ಣಗಾಗಿತ್ತು.

"ಕಾರ್ಡು ಕೊಟ್ರಾ?"

"ಇಲ್ಲ ಸರ್. ಮುಂದಿನ ವಾರ ಆಫೀಸಿಗೆ ಹೋಗ್ಬೇಕು. ಹಳೇದನ್ನ ಕೊಟ್ರೆ ಹೊಸದು ಕೊಡ್ತಾರೆ."

"ಕೊಡಕ್ಕೆ ಬೇಜಾರಾ?"

"ಹೂಂ."

"ಕೊಡು ಮಾರಾಯ್ತಿ. ಮೂರು ತಿಂಗಳು ಕಾಡಿ ಬೇಡಿ ತಗೊಂಡಿದ್ದು. ಕೊಡುವಾಗ ಗಲಾಟೆ ಮಾಡ್ಬೇಡ."

ನಾಲ್ಕು ದಿನಕ್ಕೆ ಅಕ್ಕನ ಸಂದೇಶ ಬಂತು. ಮೇಷ್ಟ್ರು ಹೋದರು. ಫೋನ್ ಮಾಡಿದಾಗ ಉಳಿದದ್ದು ತಿಳಿಯಿತು. ನಾನು ಪಟ್ಟಿ ಕಟ್ಟಿದ್ದ ಗಾಯ ಮಾಗಿ ಮತ್ತೆ ಒಡೆದು, ಬೆರಳು ಕಪ್ಪಾಗಿ, ಶಿವಮೊಗ್ಗದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಆದರೂ ನಂಜು ನಿಂತಿರಲಿಲ್ಲ. ನಾನು ಫೇಲಾದೆ ಎಂದು ಫೋನ್ ಮಾಡಿದ್ದು ಕಾಲು ತೆಗೆದ ಮೂರು ವಾರಕ್ಕೆ. ಅವತ್ತು ಅವರು ಮಂಚದ ಮೇಲೆ ಮಲಗಿಕೊಂಡೇ ನನ್ನನ್ನು ನಗಿಸಲು ನೋಡಿದ್ದರು.

"ನಿಂಗೆ ಹೇಳ್ಬೇಡ ಅಂದಿದ್ರು. ಅವಳು ನರ್ಸು, ಬೈತಾಳೆ ಅಂತ" ಎಂದರು ಅಕ್ಕ.

ಬೈಯುವುದೇನೋ ನಿಜ. ನಾನು ಅಲ್ಲಿದ್ದಿದ್ದರೆ ವಾರಕ್ಕೊಮ್ಮೆ ಆ ಪಾದವನ್ನು ನೋಡುತ್ತಿದ್ದೆ. ಇಲ್ಲಿ ದಿನಕ್ಕೆ ಐದಾರು ಜನರ ಪಾದ ನೋಡುತ್ತೇನೆ. ಬೆರಳುಗಳ ಸಂದು ಬಿಡಿಸಿ, ಹಿಮ್ಮಡಿ ಎತ್ತಿ, ದೀಪ ಹಿಡಿದು ನೋಡುತ್ತೇನೆ. ಅದಕ್ಕೇ ನನ್ನನ್ನು ಇಲ್ಲಿಗೆ ಕರೆಸಿದ್ದು. ಈ ಯೋಚನೆಯನ್ನು ಎಲ್ಲಿ ಇಡಬೇಕೆಂದು ಇನ್ನೂ ತಿಳಿದಿಲ್ಲ.

ಆಫೀಸಿಗೆ ಹೋಗುವ ದಿನ ಹೋದೆ. ಕಾರ್ಡು ಅವರು ಕೊಟ್ಟ ಲಕೋಟೆಯಲ್ಲೇ ಇತ್ತು. ಕೌಂಟರಿನಾಕೆ ಅದನ್ನು ತೆಗೆದುಕೊಂಡು, ಹೆಸರು ನೋಡಿ, ಬೇರೆ ಕಾರ್ಡುಗಳಿದ್ದ ಒಂದು ತಟ್ಟೆಗೆ ಹಾಕಿದಳು. ಲಕೋಟೆ ನನಗೆ ಬೇಕು ಎಂದೆ. ಅದನ್ನು ವಾಪಸು ಕೊಟ್ಟು, ಹೊಸ ಕಾರ್ಡನ್ನು ಮುಂದಿಟ್ಟಳು. ಗಲಾಟೆ ಮಾಡಲಿಲ್ಲ. ಸಹಿ ಹಾಕಿ, ಹೊಸದನ್ನು ಅದೇ ಲಕೋಟೆಯೊಳಗಿಟ್ಟು ಹೊರಗೆ ಬಂದೆ. ಕಾರ್ಡು ಬಂದಿತ್ತು, ನನಗೆ ಇನ್ನೂ ಬಂದಿರಲಿಲ್ಲ.

ಇಲ್ಲಿ ನನ್ನ ಒಲೆ ಕರೆಂಟಿನದು. ಬೆಂಕಿಪೊಟ್ಟಣಕ್ಕಾಗಿ ಎರಡು ಅಂಗಡಿ ಅಲೆದೆ. ಕೊನೆಗೆ ಮೇಣದ ಬತ್ತಿಗಳ ಪಕ್ಕದಲ್ಲಿ ಸಿಕ್ಕಿತು. ನಾನು ನೋಡಿಕೊಳ್ಳುವ ಒಬ್ಬ ಅಜ್ಜಿಯ ಮನೆಗೆ ಹೋಗುವ ದಾರಿ ಒಂದು ಕಡಿದಾದ ಏರು. ಮಾರನೆಯ ಬೆಳಿಗ್ಗೆ ಅಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಕಾರು ನಿಲ್ಲಿಸಿದೆ. ಇಳಿದು ಹಿಂದಿನ ಚಕ್ರದ ಹಿಂದೆ ತುಂಬಿದ ಪೊಟ್ಟಣ ಇಟ್ಟೆ. ಒಳಗೆ ಬಂದು ಬಲಗಾಲಿನ ಶೂ ಬಿಚ್ಚಿ ಸೀಟಿನ ಕೆಳಗೆ ತಳ್ಳಿದೆ. ಕನ್ನಡಿ ನೋಡಿದೆ. ಹೆಗಲ ಮೇಲಿಂದ ನೋಡಿದೆ. ಹಾಫ್ ಕ್ಲಚ್ಚಿನಲ್ಲಿ ಕಾರು ಒಮ್ಮೆ ನಡುಗಿ ಮೇಲಕ್ಕೆ ಹೋಯಿತು.

ಸ್ವಲ್ಪ ಮುಂದೆ ನಿಲ್ಲಿಸಿ, ಒಂದೇ ಕಾಲಿನ ಶೂನಲ್ಲಿ ಇಳಿದು ಕೆಳಗೆ ನಡೆದೆ. ರಸ್ತೆ ತಣ್ಣಗಿತ್ತು, ಕಾಲುಚೀಲ ಒದ್ದೆಯಾಯಿತು. ಪೊಟ್ಟಣ ಇಟ್ಟ ಜಾಗದಲ್ಲೇ ಇತ್ತು. ಎತ್ತಿಕೊಂಡು ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿದೆ. ಆಮೇಲೆ ಹೊಸ ಕಾರ್ಡನ್ನು ಲಕೋಟೆಯಿಂದ ಹೊರಗೆ ತೆಗೆದು ಪರ್ಸಿನಲ್ಲಿಟ್ಟುಕೊಂಡೆ.