ಎಣ್ಣೆ ಕಲಸಿದ ಚರಗ

ನನ್ನ ಅಪ್ಪನ ಅಕ್ಕ, ನಾವು ಅತ್ತಿ ಎನ್ನುತ್ತಿದ್ದವಳು, ಗಂಡ ಸತ್ತ ವರ್ಷವೇ ತವರಿಗೆ ಬಂದಳು. ಅಜ್ಜ ಅವಳಿಗೆಂದು ಒಂದು ತುಂಡು ಹೊಲ ಬಿಟ್ಟುಹೋಗಿದ್ದ. ಕಡಗಂಚಿ ಕಡೆಯ ಮಡ್ಡಿ ನೆಲ. ಮೇಲೆ ಗೇಣುದ್ದ ಮಣ್ಣು, ಕೆಳಗೆ ಬರೇ ಕಲ್ಲು. ಒಳ್ಳೆಯ ಕರಿ ಹೊಲವೆಲ್ಲ ಅಪ್ಪನ ಪಾಲಿಗೆ ಹೋಗಿತ್ತು. ಆದರೂ ಅತ್ತಿ ಹೊಲದ ಅಂಚಿಗೇ ಗುಡಿಸಲು ಹಾಕಿ ಬೇರೆ ಒಲೆ ಹೂಡಿದಳು. "ತಮ್ಮನ ಮನ್ಯಾಗ ಉಂಡ್ರ ತುತ್ತಿಗೊಮ್ಮೆ ಅವನ ಹೆಂಡ್ತಿ ಮಾರಿ ನೋಡಬೇಕಾಗ್ತದ" ಎಂದು ನನ್ನ ಅವ್ವನ ಎದುರಿಗೇ ಹೇಳುತ್ತಿದ್ದಳು. ಅವ್ವ ಉರಿದುಬೀಳುತ್ತಿದ್ದಳು, ಮಾತೇನೂ ಸುಳ್ಳಲ್ಲ. ಬೆಳೆ ಕೈಕೊಟ್ಟರೆ ಆ ತುಂಡನ್ನು ಸೇರಿಸಿಕೊಳ್ಳಲು ಅಪ್ಪ ಕಾದೇ ಕೂತಿದ್ದ.

ಹೊಲಕ್ಕೆ ಹತ್ತಿಕೊಂಡೇ ಗಾಯರಾಣ, ಅಂದರೆ ಊರ ದನ ಮೇಯುವ ಹುಲ್ಲುಗಾವಲು. ಚಿಗರಿ ಜಿಂಕೆ, ಹಂದಿ, ಮೊಲ, ನರಿ, ಮುಳ್ಳುಹಂದಿ ಎಲ್ಲಕ್ಕೂ ಅದೇ ಮನೆ, ಅತ್ತಿಯ ಹೊಲವೇ ಅಡುಗೆಮನೆ. ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆ ಹೊತ್ತಿಗೆ ಜೋಳ ಹಾಲು ತುಂಬಿದಾಗ ಹಂದಿಗಳು ಸಾಲಿಗೆ ಸಾಲೇ ಮಲಗಿಸಿ ಹೋಗುತ್ತಿದ್ದವು. ಅತ್ತಿ ಡಬ್ಬಿ ಬಡಿದಳು, ಮುಳ್ಳು ಹಚ್ಚಿದಳು, ಕೊನೆಗೆ ಅಪ್ಪನನ್ನು ಕೇಳಿದಳು. "ಅಕ್ಕಾ, ಬಿಟ್ಟುಬಿಡು ಆ ಹೊಲ" ಎಂದ ಅಪ್ಪ. ಅಷ್ಟೇ ಅವನ ಸಹಾಯ.

ಎಳ್ಳಮಾಸಿ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಹಿಡಿದು, ಕಡಬು, ಭಜ್ಜಿ, ರೊಟ್ಟಿ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಬಸುರಿ ಭೂಮಿತಾಯಿಯ ಬಯಕೆ ಊಟವಂತೆ. ಉಣ್ಣಲು ಬರುವವು ಮಾತ್ರ ಹಕ್ಕಿ, ಹಂದಿ, ನರಿ. ಆ ವರ್ಷ ಅತ್ತಿ ಚರಗಕ್ಕೆ ತೊಗರಿಯ ಕಾಯಿಹುಳಕ್ಕೆ ಹೊಡೆಯುವ ವಿಷದೆಣ್ಣೆ ಕಲಸಿದಳು. ನಮಗೆಲ್ಲ ಉಣಿಸಿ ಕಳಿಸಿದ ಮೇಲೆ ಒಬ್ಬಳೇ ಚೆಲ್ಲಿದಳು.

ಮರುದಿನ ನಾನು ಅವಳಿಗೆ ಹಾಲು ಕೊಡಲು ಹೋದಾಗ ಬದುವಿನ ಮೇಲೆ ಹಂದಿಗಳು ಮರಿಗಳ ಸಮೇತ ಸತ್ತುಬಿದ್ದಿದ್ದವು. ಅವನ್ನು ಹರಿದು ತಿಂದ ನರಿಗಳು ಹಳ್ಳದ ದಾರಿಯಲ್ಲಿ ಬಿದ್ದಿದ್ದವು. ಒಂದು ಚಿಗರಿ ಇನ್ನೂ ಕಾಲು ಒದೆಯುತ್ತಿತ್ತು. ಅತ್ತಿ ಅದರ ಬಾಯಿಗೆ ತಂಬಿಗೆಯಿಂದ ನೀರು ಬಿಡುತ್ತಿದ್ದಳು.

ಆ ಸಲ ಅತ್ತಿಗೆ ಒಳ್ಳೆ ರಾಶಿಯಾಯಿತು. ಮುಂದಿನ ಎಳ್ಳಮಾಸಿಗೆ ಸುತ್ತಿನ ಹೊಲದವರೂ ಎಣ್ಣೆ ಕಲಸಿದರು, ಎಲ್ಲರಿಗಿಂತ ಮೊದಲು ನನ್ನ ಅಪ್ಪ. ಗಾಯರಾಣ ಬರಿದಾಯಿತು.

ನಾನು ಮಣ್ಣಿನ ಶಾಸ್ತ್ರ ಓದಿದವಳಲ್ಲ, ಕಂಡದ್ದು ಹೇಳುತ್ತೇನೆ. ಮೊದಲು ಹಂದಿ ಮೂತಿಯಿಂದ ಉತ್ತಲ್ಲಿ, ಮುಳ್ಳುಹಂದಿ ಗಡ್ಡೆಗಾಗಿ ಕೆದರಿದಲ್ಲಿ ಮಳೆನೀರು ನಿಂತು ಇಂಗುತ್ತಿತ್ತು. ಚಿಗರಿಗಳು ದಿನವೂ ಒಂದೇ ಜಾಗದಲ್ಲಿ ಹಾಕುವ ಹಿಕ್ಕೆಯನ್ನು ಹುಳಗಳು ನೆಲದೊಳಕ್ಕೆ ಒಯ್ಯುತ್ತಿದ್ದವು. ಹೊಲದಲ್ಲಿ ಅಂಥ ಕಡೆ ಸಜ್ಜೆ ಎದೆಮಟ್ಟ ಬರುತ್ತಿತ್ತು. ಪ್ರಾಣಿ ಹೋದ ಮೇಲೆ ಕೆದರುವವರೂ ಇಲ್ಲ, ಹಿಕ್ಕೆಯೂ ಇಲ್ಲ, ಹುಳವೂ ಇಲ್ಲ. ಗಾಯರಾಣದ ಮೈ ರೊಟ್ಟಿ ಹಂಚಿನಂತೆ ಬಿಗಿದುಹೋಯಿತು. ಮಳೆ ಬಿದ್ದರೆ ನೀರು ಅದರ ಮೇಲಿಂದ ಜಾರಿ ಬಂದು ಅತ್ತಿಯ ಮಣ್ಣನ್ನು ಹಳ್ಳಕ್ಕೆ ಒಯ್ಯತೊಡಗಿತು. ಕೆಲವು ಮಳೆಗಾಲಗಳಲ್ಲಿ ಅಡಿಯ ಮುರುಮು, ಅಂದರೆ ಗರಸು ಕಲ್ಲು, ಮೇಲೆ ಬಂತು. ಅಪ್ಪನ ಹೊಲ ಆಳದ ಮಣ್ಣಿನದು, ಅದಕ್ಕೇನೂ ಆಗಲಿಲ್ಲ.

"ಮಾಡಿದ್ದುಣ್ಣೋ ಮಹಾರಾಯ" ಎಂದಿತು ಊರು. ಚರಗಕ್ಕೆ ವಿಷ ಹಾಕಿದವಳ ಮೇಲೆ ಭೂಮಿತಾಯಿ ಮುನಿದಳಂತೆ. ಹೇಳಿದವರು ಯಾರು? ತಾವೂ ಕಲಸಿದವರೇ! ಗಾದೆ ಹೇಳಲು ಇವರಪ್ಪನ ಗಂಟೇನು ಹೋಗಬೇಕು? ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬಿತ್ತಿದ ಬೀಜ ಕೂಡ ಹುಟ್ಟದ ವರ್ಷ ಅತ್ತಿ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಅಪ್ಪ ಹೊಲ ತಗೊಂಡ. ಬಿತ್ತಲಿಲ್ಲ, ರಸ್ತೆ ಕೆಲಸದವರಿಗೆ ಮುರುಮು ಮಾರಿದ. ಅಗೆಯುವ ಆಳುಗಳಿಗೆ ರೊಟ್ಟಿ ಬಡಿಯುವುದು ಅತ್ತಿಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ಬುತ್ತಿಯನ್ನು ತಾನೇ ಹೊತ್ತು ಹೋಗಿ, ಖಾಲಿ ಬುಟ್ಟಿ ಹಿಡಿದು ಬಂದಳು.

"ಹೊಲ ಎಲ್ಲಿ ತನಕ ಅಗದಾರ?" ಎಂದು ಅವ್ವ ಕೇಳಿದಳು.

"ಹೊಲ ಎಲ್ಲಿದು ಬೇ, ಬರೇ ಕುಣಿ ಅದ" ಎಂದಳು ಅತ್ತಿ, ಒಲೆಯ ಮುಂದೆ ಕೂರುತ್ತ. "ನಾಳಿಗಿ ರೊಟ್ಟಿ ಎಷ್ಟ ಮಾಡ್ಲಿ ಹೇಳು."