ಹಿಮ್ಮಡಿಯ ಸುಕ್ಕು

ಮೂಳೆ ವಾರ್ಡಿನ ಹಿರಿಯ ಸಿಸ್ಟರನ್ನು ರೋಗಿಗಳೆಲ್ಲ ಬೆನ್ನ ಹಿಂದೆ ‘ಸುಕ್ಕಿನ ಸಿಸ್ಟರ್’ ಎನ್ನುತ್ತಿದ್ದರು. ನಾನು ಎದುರಿಗೇ ಅಂದಿದ್ದೇನೆ, ಅದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದೇನೆ. ಈಗ ಅವರ ಬಗ್ಗೆ ಬರೆಯಲು ಕೂತಿರುವುದು ನನ್ನ ಬಾಯಿಗೆ ನಾನೇ ಕೊಟ್ಟುಕೊಂಡ ಶಿಕ್ಷೆ ಎಂದುಕೊಳ್ಳಿ.

ನಾನು ಬೋರ್ಡ್ ಬರೆಯುವವನು. ಏಣಿ ಹತ್ತಿ ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಬರೆಯುವುದೇ ಹೊಟ್ಟೆಪಾಡು. ಔಷಧಿ ಅಂಗಡಿಯೊಂದರ ಬೋರ್ಡಿನಲ್ಲಿ ಕೊನೆಯ ಅಕ್ಷರಕ್ಕೆ ನೆರಳು ಕೊಡುತ್ತಿದ್ದಾಗ ಏಣಿ ಜಾರಿತು. ಹತ್ತಡಿಯಿಂದ ನೆಟ್ಟಗೆ ನಿಂತಂತೆಯೇ ಬಿದ್ದೆ. ಮೈಯ ಭಾರವೆಲ್ಲ ಬಲಗಾಲಿನ ಹಿಮ್ಮಡಿಯ ಮೇಲೆ. ಹಿಮ್ಮಡಿ ಮೂಳೆ ಐದಾರು ಚೂರಾಗಿದೆ, ಮೇಲಿನ ಕೀಲು ಕೂರುವ ಜಾಗ ಕುಸಿದಿದೆ, ತೆರೆದು ಜೋಡಿಸಿ ಪ್ಲೇಟು ಹಾಕದಿದ್ದರೆ ಹೇಗೋ ನಡೆಯಬಹುದು, ಏಣಿಯನ್ನು ಮಾತ್ರ ಮರೆತುಬಿಡಿ ಎಂದರು ಡಾಕ್ಟರು.

“ಹಾಗಾದ್ರೆ ಈಗ್ಲೇ ಹಾಕಿ” ಎಂದೆ.

ಉತ್ತರ ಕೊಟ್ಟದ್ದು ಪಕ್ಕದಲ್ಲಿದ್ದ ಸಿಸ್ಟರ್. “ಕಾಲು ಊದ್ಕೊಂಡು ಕುಂಬಳಕಾಯಿ ಆಗಿದೆ. ಈಗ ಕೊಯ್ದರೆ ಗಾಯ ಮುಚ್ಚಲ್ಲ. ಬಾವು ಇಳಿದು ಚರ್ಮ ಸುಕ್ಕಾಗ್ಲಿ, ಆಮೇಲೆ.”

ಅಂದಿನಿಂದ ನನ್ನ ಕಾಲು ಎರಡು ದಿಂಬಿನ ಮೇಲೆ, ಬಟ್ಟೆಯಲ್ಲಿ ಸುತ್ತಿದ ಐಸಿನ ಪಕ್ಕದಲ್ಲಿ. ದಿನವೂ ಬೆಳಿಗ್ಗೆ ಸಿಸ್ಟರ್ ಬರುವರು, ಬೆರಳುಗಳನ್ನು ಹಿಡಿದು ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸುವರು, ಹೊರಗಿನ ಹರಡಿನ ಗಂಟಿನ ಕೆಳಗೆ ಟಾರ್ಚ್ ಬಿಟ್ಟು ನೋಡುವರು. “ಇಲ್ಲ” ಎಂದು ಒಂದೇ ಮಾತು ಹೇಳಿ ಮುಂದಿನ ಹಾಸಿಗೆಗೆ ಹೋಗಿಬಿಡುವರು.

ಅದೇ ವಾರ್ಡಿನಲ್ಲಿ ಅವರದು ಮೂವತ್ತಮೂರು ವರ್ಷದ ಸೇವೆ. ಕೂತದ್ದನ್ನು ಕಂಡವರಿಲ್ಲ, ಊಟದ ಡಬ್ಬಿಯನ್ನೂ ಔಷಧಿ ಕಪಾಟಿನ ಪಕ್ಕ ನಿಂತೇ ಮುಗಿಸುತ್ತಿದ್ದರು. ಎರಡು ಸಲ ಮೇಲಿನ ಹುದ್ದೆ ಬಂದರೂ ಒಲ್ಲೆ ಎಂದರಂತೆ. “ಮೇಲೆ ಹೋದ್ರೆ ಬರೀ ಕಾಗದ ಕಾಣುತ್ತೆ, ಕಾಲು ಕಾಣಲ್ಲ” ಎನ್ನುತ್ತಿದ್ದರು. ಮನೆಗೆ ಹೋದರೂ ಮುಖಕ್ಕಿಂತ ಮೊದಲು ಕಾಲನ್ನೇ ನೋಡುತ್ತೀಯ ಎಂದು ಗಂಡ ಗೊಣಗುತ್ತಿದ್ದರಂತೆ.

ಎಂಟು ದಿನ ಹೀಗೇ ಹೋಯಿತು. ಒಂಬತ್ತನೆಯ ದಿನ ಶುಕ್ರವಾರ, ಡಾಕ್ಟರು ಆಪರೇಷನ್ ಮಾಡುವ ದಿನ. ಸೋಮವಾರ ಸಂಜೆ ಅವರು ಊರು ಬಿಟ್ಟರೆ ಬರುವುದು ಎರಡು ವಾರದ ಮೇಲೆ. ಮೂರು ವಾರ ದಾಟಿದರೆ ಚೂರುಗಳು ಸೊಟ್ಟಗೆ ಅಂಟಿಕೊಳ್ಳಲು ಶುರುವಾಗುತ್ತವೆ ಎಂದು ಅವರೇ ಹೇಳಿದ್ದರು. ಹೊತ್ತು ಕಳೆಯಲೆಂದು ಹೆಂಡತಿ ನನ್ನ ಬಣ್ಣದ ಡಬ್ಬಿ ತಂದುಕೊಟ್ಟಿದ್ದಳು. ಆ ಬೆಳಿಗ್ಗೆ ಸಣ್ಣ ಕುಂಚ ತೆಗೆದು, ಕಂದು ಬಣ್ಣಕ್ಕೆ ಚೂರು ಕಪ್ಪು ಬೆರೆಸಿ, ಹರಡಿನ ಕೆಳಗೆ ಏಳೆಂಟು ಸುಕ್ಕು ಬರೆದೆ. ಒಂದೊಂದಕ್ಕೂ ನೆರಳು ಬೇರೆ ಕೊಟ್ಟೆ.

“ರೀ, ಇದೇನ್ರೀ ಇದು?” ಎಂದಳು ಹೆಂಡತಿ.

“ಸುಮ್ನಿರು, ಒಣಗ್ಲಿ.”

ಸಿಸ್ಟರ್ ಬಂದರು, ಬಗ್ಗಿದರು, ಬಹಳ ಹೊತ್ತು ನೋಡಿದರು. “ಕೆಲಸ ಚೆನ್ನಾಗಿದೆ” ಎಂದು ಸ್ಪಿರಿಟ್ ಹತ್ತಿಯಿಂದ ಒರೆಸಿಬಿಟ್ಟರು. ಇಡೀ ವಾರ್ಡು ನಕ್ಕಿತು. ನನಗೆ ಮೈಯೆಲ್ಲ ಉರಿ.

ಒಂಬತ್ತು ಗಂಟೆಗೆ ಡಾಕ್ಟರು ಬಂದು ಕಾಲು ಒತ್ತಿ ನೋಡಿದರು. “ಇವತ್ತು ಮಾಡ್ಬಿಡೋಣ ಸಿಸ್ಟರ್. ಪರವಾಗಿಲ್ಲ ಅನ್ಸುತ್ತೆ.”

“ನನಗೆ ಹಾಗನ್ಸಲ್ಲ ಸರ್. ಇನ್ನೊಂದು ಸಲ ಒತ್ತಿ ನೋಡಿ.”

ಡಾಕ್ಟರು ಮತ್ತೆ ಒತ್ತಿ ನೋಡಿದರು, ಆಪರೇಷನ್ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು ಹಾಕಿ ಹೊರಟರು. ಕಾಲು ಮುರಿದಿದ್ದರೂ ಕಾಲು ಕೆರೆದು ಜಗಳಕ್ಕೆ ಹೋಗುವ ಚಾಳಿ ನನ್ನದು. “ನಿಮ್ಮ ಹಟಕ್ಕೆ ನನ್ನ ಕಾಲು ಸೊಟ್ಟ ಆದ್ರೆ ಏಣಿ ನೀವು ಹತ್ತೀರಾ?” ಎಂದು ಕೂಗಾಡಿದೆ. ಇನ್ನೂ ಏನೇನೋ ಅಂದೆ.

ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತರು.

“ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಬಟ್ಟೆ ಹೊಲಿಯೋ ಹೆಂಗಸೊಬ್ಬಳು ಬಂದಿದ್ಲು. ಇದೇ ಹಿಮ್ಮಡಿ. ಚರ್ಮ ಬಿಗಿದು ಹೊಳೀತಿತ್ತು, ನನಗೆ ಕಾಣ್ತಿತ್ತು. ಆಗಿನ ದೊಡ್ಡ ಡಾಕ್ಟ್ರು ಕರ್ಕೊಂಡು ಬಾ ಅಂದ್ರು, ಬಾಯಿ ಮುಚ್ಕೊಂಡು ಗಾಡಿ ತಳ್ಕೊಂಡು ಹೋದೆ. ಹತ್ತು ದಿನಕ್ಕೆ ಗಾಯ ಬಿಚ್ಚಿ ಪ್ಲೇಟು ಕಾಣ್ತು. ಕೀವು ಮೂಳೆಗಿಳೀತು. ಕೊನೆಗೆ ಮೊಣಕಾಲ ಕೆಳಗೆ ಕಾಲೇ ತೆಗೀಬೇಕಾಯ್ತು. ಮನೆಗೆ ಹೋಗುವಾಗ ಅವಳು ನನ್ನ ಕೈ ಹಿಡ್ಕೊಂಡು, ತುಂಬ ಚೆನ್ನಾಗಿ ನೋಡ್ಕೊಂಡ್ರಿ ಸಿಸ್ಟರ್ ಅಂದ್ಲು.” ಸ್ಟೂಲು ಸರಿಸಿ ಎದ್ದರು. “ನೀವು ಬೈರಿ. ಅದಕ್ಕಿಂತ ಬೈಸ್ಕೊಳ್ಳೋದು ಸುಲಭ.”

ನನಗೆ ನಾಚಿಕೆಯಾಯಿತು. ಭಯವೂ ಹೋಗಲಿಲ್ಲ.

ಶನಿವಾರ “ಇಲ್ಲ.” ಭಾನುವಾರ ಅವರಿಗೆ ರಜೆ, ಆದರೂ ತರಕಾರಿ ಚೀಲ ಹಿಡಿದೇ ಬಂದು ನೋಡಿದರು: “ಇಲ್ಲ. ಯಾವುದಕ್ಕೂ ನಾಳೆ ಬೆಳಿಗ್ಗೆ ಏನೂ ತಿನ್ಬೇಡಿ.” ಸೋಮವಾರ ಟಾರ್ಚ್ ಬಿಟ್ಟು, ಪಾದ ಬಾಗಿಸಿ, “ಪೇಂಟರ್ರೇ, ತಲೆ ಎತ್ತಿ ನೋಡಿ” ಎಂದರು. ಹರಡಿನ ಕೆಳಗೆ, ಆರಿದ ಹಾಲಿನ ಕೆನೆಯ ಮೇಲಿರುವಂಥ ಸಣ್ಣ ಗೆರೆಗಳು. “ಇವು ನೀವು ಬರೆದವಲ್ಲ ತಾನೆ?”

ಅಂದು ಡಾಕ್ಟರ ಆಪರೇಷನ್ ದಿನವಲ್ಲ. ಸಿಸ್ಟರ್ ಥಿಯೇಟರಿನವರನ್ನು ಕಾಡಿ ಬೇಡಿ ಜಾಗ ಮಾಡಿಸಿದರು, ಅರಿವಳಿಕೆಯವರನ್ನು ಹಿಡಿದರು, ಡಾಕ್ಟರಿಗೆ ಫೋನ್ ಮಾಡಿದರು. ಅವರು ಪ್ರಯಾಣದ ಚೀಲದ ಸಮೇತ ಬಂದರು, ಕಾಲು ನೋಡಿದರು, ಆಗಬಹುದು ಎಂದು ತಲೆಯಾಡಿಸಿದರು. ಎರಡೂವರೆ ಗಂಟೆ ಕೆಲಸ. ಕುಸಿದ ಜಾಗವನ್ನು ಎತ್ತಿ, ಚೂರು ಚೂರನ್ನೂ ಕೂರಿಸಿ, ಒಂದು ಪ್ಲೇಟು, ಎಂಟು ಸ್ಕ್ರೂ. ಗಾಯ ಹೊಲಿಯುತ್ತ ಡಾಕ್ಟರು ಪಕ್ಕದವರಿಗೆ, “ಶುಕ್ರವಾರ ಕೊಯ್ದಿದ್ರೆ ಇದನ್ನ ಮುಚ್ಚೋಕೆ ಆಗ್ತಿರ್ಲಿಲ್ಲ. ಸಿಸ್ಟರಿಗೆ ಹೇಳಿ” ಎಂದರು. ನನಗೆ ಮರಗಟ್ಟಿದ್ದು ಸೊಂಟದ ಕೆಳಗೆ ಮಾತ್ರ; ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಮೂರನೆಯ ವಾರ ಹೊಲಿಗೆ ಬಿಚ್ಚಿದರು. ಮೂರು ತಿಂಗಳು ಪಾದ ನೆಲಕ್ಕೆ ಊರಲಿಲ್ಲ. ಗಾಯ ಒಂದೇ ಒಂದು ಕಡೆಯೂ ಬಿಚ್ಚಲಿಲ್ಲ.

ಒಂದೂವರೆ ವರ್ಷದ ಮೇಲೆ ಸಿಸ್ಟರ್ ಫೋನ್ ಮಾಡಿದರು. ಆ ತಿಂಗಳು ಅವರ ನಿವೃತ್ತಿ. ವಾರ್ಡಿನಿಂದ ಥಿಯೇಟರಿಗೆ ಹೋಗುವ ಬಾಗಿಲ ಮೇಲೆ ಒಂದು ಸಾಲು ಬರೆಯಬೇಕಂತೆ, ಡಾಕ್ಟರು ಒಪ್ಪಿಗೆ ಕೊಟ್ಟಿದ್ದಾರಂತೆ: ‘ಚರ್ಮ ಸುಕ್ಕಾಗಿದೆಯೇ? ನೋಡಿ ಮುಂದೆ ಹೋಗಿ.’

“ಇದ್ಯಾಕೆ ಸಿಸ್ಟರ್?”

“ನಾನು ಹೋದ್ಮೇಲೆ ಯಾರೋ ಹೊಸ ಹುಡುಗಿ ಬರ್ತಾಳೆ. ದೊಡ್ಡವರ ಮುಂದೆ ಅವಳಿಗೆ ಮಾತು ಬರಲ್ಲ. ನನಗೂ ಬಂದಿರ್ಲಿಲ್ವಲ್ಲ. ಗೋಡೆ ಕಡೆ ಬೆರಳು ತೋರಿಸಿದ್ರೆ ಸಾಕಾಗುತ್ತೆ.”

ಚಪ್ಪಲಿ ಬಿಟ್ಟು ಏಣಿ ಹತ್ತಿದೆ. ಅವರು ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಕೊನೆಯ ಅಕ್ಷರಕ್ಕೆ ನೆರಳು ಕೊಟ್ಟು, “ಹೇಗಿದೆ ಸಿಸ್ಟರ್?” ಎಂದು ಕೇಳಿದೆ. ಬಗ್ಗಿ ನೋಡಿದೆ. ಅವರು ತಲೆಯೆತ್ತಿ ಗೋಡೆ ನೋಡಿರಲೇ ಇಲ್ಲ. ಮೈಭಾರ ಹೊತ್ತು ಏಣಿಯ ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಬಲ ಹಿಮ್ಮಡಿ ಅವರ ಕನ್ನಡಕದ ಮಟ್ಟಕ್ಕಿತ್ತು. ಅದನ್ನೇ ನೋಡುತ್ತಿದ್ದರು.

“ಚೆನ್ನಾಗಿದೆ” ಎಂದರು. “ನಿಧಾನಕ್ಕೆ ಇಳೀರಿ.”