ಬೀಗದ ಮೇಷ್ಟ್ರ ಮನೆಗೆ ಬೀಗ

ನಮ್ಮ ಬೀದಿಯಲ್ಲಿ ಕೀಲಿಕೈ ಕಳೆದುಕೊಂಡವರು ದೇವರಿಗಿಂತ ಮೊದಲು ಬೀಗದ ಮೇಷ್ಟ್ರನ್ನು ನೆನೆಯುತ್ತಿದ್ದರು. ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ. ಶಾಲೆಯ ಕಡೆ ಅವರು ತಲೆ ಹಾಕಿದ್ದು ಅಲ್ಲಿಯ ಬೀರುವಿನ ಬೀಗ ತೆಗೆಯಲಿಕ್ಕೆ ಮಾತ್ರ. ಒಂದು ಬಾಗಿದ ತಂತಿ, ಒಂದು ತೆಳು ಪಟ್ಟಿ, ಇಷ್ಟಿದ್ದರೆ ಎಂಥ ಬೀಗವೂ ಅವರ ಕೈಯಲ್ಲಿ ಬೆಣ್ಣೆ.

ಆದರೆ ಅವರದೊಂದು ಹಟವಿತ್ತು. ಬೀಗ ತೆಗೆಸುವವರು ಅದು ತಮ್ಮದೇ ಮನೆ ಎಂದು ಒಪ್ಪಿಸಬೇಕು. "ಒಳಗೆ ಏನೇನಿದೆ ಹೇಳಿ" ಎಂದು ಕೇಳುತ್ತಿದ್ದರು. ಸ್ವಂತ ಭಾವಮೈದುನನನ್ನೇ ಒಮ್ಮೆ ಅವನ ಮನೆ ಮುಂದೆ ನಿಲ್ಲಿಸಿಕೊಂಡು ಕಿಟಕಿ ಪರದೆಯ ಬಣ್ಣ ಕೇಳಿದ್ದರು. ಅವನಿಗೆ ಗೊತ್ತಿರಲಿಲ್ಲ. ಅವನ ಹೆಂಡತಿ ಬರುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

ಐವತ್ತು ದಾಟಿದ್ದೇ ತಡ, ಮೇಷ್ಟ್ರ ನೆನಪು ಸೋರತೊಡಗಿತು. ಸಂಜೆ ತಮ್ಮ ಅಂಗಡಿ ತೆರೆದಿಟ್ಟು ಎದುರಂಗಡಿಗೆ ಬೀಗ ಜಡಿದು ಬಂದರು. ಒಂದು ಕೀಲಿಗೆ ನಕಲು, ಆ ನಕಲಿಗೆ ನಕಲು ಮಾಡುತ್ತಾ ಹೋಗಿ, ಕೊನೆಗೆ ಅಸಲು ಯಾವುದೆಂದು ಗಿರಾಕಿಯನ್ನೇ ಕೇಳಿದರು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಇದು ಮರೆವಿನ ಕಾಯಿಲೆ, ಕೆಲವರಿಗೆ ವಯಸ್ಸಾಗುವ ಮುಂಚೆಯೇ ಬರುತ್ತದೆ ಎಂದರು. ಅಂಗಡಿ ಮುಚ್ಚಿತು.

ಮೇಷ್ಟ್ರ ಹೆಂಡತಿ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಇನ್ನು ಮನೆ ನಡೆಯಬೇಕಾದದ್ದು ಆ ಇಸ್ತ್ರಿಯಿಂದಲೇ. ಹಗಲು ಹೊತ್ತು ಇವರನ್ನು ಎಲ್ಲಿಡುವುದು? ಮರೆವಿನವರನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಹೋಗಿ ವಿಚಾರಿಸಿದಳು.

"ಅರವತ್ತೈದು ತುಂಬಿರ್ಬೇಕಮ್ಮ" ಎಂದ ಅಲ್ಲಿಯವನು.

"ಕಾಯಿಲೆಗೆ ಅದು ಗೊತ್ತಿಲ್ವಲ್ಲಪ್ಪ."

"ನಾನೇನ್ ಮಾಡ್ಲಿ? ವಯಸ್ಸಾದ್ಮೇಲೆ ಕರ್ಕೊಂಡ್ ಬನ್ನಿ."

ಕಂಡವರೆಲ್ಲ, "ಇಂಥವರು ಎದ್ದು ಹೋಗ್ಬಿಡ್ತಾರೆ, ಬೀಗ ಹಾಕ್ಕೊಂಡು ಹೋಗು" ಎಂದು ಬುದ್ಧಿ ಹೇಳಿದರು. ಮೇಷ್ಟ್ರು ಅಲ್ಲಿಯತನಕ ಎಲ್ಲಿಗೂ ಎದ್ದು ಹೋಗಿರಲಿಲ್ಲ. ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಅವಳು ಬಾಗಿಲಿಗೆ, ಒಳಗಿನಿಂದಲೂ ಕೀಲಿಕೈ ಬೇಕಾಗುವಂಥ ಬೀಗ ಹಾಕಿಸಿದಳು. ಅವಳು ಲಾಂಡ್ರಿ ಮುಟ್ಟುವಷ್ಟರಲ್ಲಿ ಮೇಷ್ಟ್ರು ಬೀದಿ ಮುಟ್ಟಿದ್ದರು.

ಇನ್ನೂ ಗಟ್ಟಿ ಬೀಗ ಬಂತು. ಅದೂ ಬಾಯಿ ಬಿಟ್ಟಿತು. ಕೊನೆಗೆ ಮುಚ್ಚಿದ ಅಂಗಡಿಯಿಂದಲೇ ಒಂದು ತಂದು ಕೂರಿಸಿದಳು. ಅಂಥದ್ದನ್ನು ಮಾರುವಾಗ ಮೇಷ್ಟ್ರೇ, "ಇದನ್ನ ತೆಗೆಯೋ ಗಂಡಸು ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದರು. ಆ ಗಂಡಸು ಹುಟ್ಟಿ ಐವತ್ತು ವರ್ಷ ದಾಟಿತ್ತು. ಮಧ್ಯಾಹ್ನದೊಳಗೆ ಅದೂ ತೆರೆಯಿತು.

ಪ್ರತಿ ಸಲವೂ ಕಂಕುಳಲ್ಲಿ ಸಾಮಾನಿನ ಚೀಲ ಇಟ್ಟುಕೊಂಡು, ಯಾರ್ಯಾರದೋ ಬಾಗಿಲು ತಟ್ಟುತ್ತಾ ಸಿಗುತ್ತಿದ್ದರು. ಎದುರುಮನೆಯ ನಿವೃತ್ತ ಬಸ್ ಕಂಡಕ್ಟರ್ ಕೈ ಹಿಡಿದು ಕರೆತಂದು ಅವಳಿಗೆ ಫೋನು ಮಾಡುತ್ತಿದ್ದರು.

"ತಂಗ್ಯಮ್ಮ, ಟಿಕೆಟ್ ಇಲ್ದೋರು ಒಬ್ರು ಸಿಕ್ಕಿದಾರೆ. ಬಂದು ಇಳಿಸ್ಕೋ."

ಅವಳು ಅರ್ಧ ಮಡಚಿದ ಬಟ್ಟೆ ಬಿಟ್ಟು ಓಡಿ ಬರುತ್ತಿದ್ದಳು. ಲಾಂಡ್ರಿಯ ಮೇಲ್ವಿಚಾರಕಿ, "ಇನ್ನೊಂದ್ಸಲ ಹೀಗೆ ಓಡಿದ್ರೆ ಅಲ್ಲೇ ಇದ್ಬಿಡು" ಎಂದಳು. ಇನ್ನು ಉಳಿದದ್ದು ಊರಾಚೆಯ ಆಶ್ರಯಧಾಮ. ಅಲ್ಲಿಯವರು ವಯಸ್ಸು ಕೇಳುವುದಿಲ್ಲ. ಅಲ್ಲಿ ಬಿಟ್ಟರೆ ಬಿಟ್ಟಂತೆಯೇ. ಮೇಷ್ಟ್ರ ಬಟ್ಟೆಗಳನ್ನು ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿಟ್ಟಳು, ಮತ್ತೆ ತೆಗೆದು ಬೀರುವಿನಲ್ಲಿಟ್ಟಳು.

ಆಸ್ಪತ್ರೆಯ ನರ್ಸಮ್ಮ ಒಬ್ಬಾಕೆ, ಇಂಥ ಅರೆವಯಸ್ಸಿನ ರೋಗಿಗಳನ್ನೂ ಮನೆಯವರನ್ನೂ ವಾರಕ್ಕೊಮ್ಮೆ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾಳೆಂದು ತಿಳಿಯಿತು. ಗಂಡ ಹೆಂಡತಿ, ಜೊತೆಗೆ ಕಂಡಕ್ಟರು, ಮೂವರೂ ಹೋದರು. ಬೀಗದ ಸುದ್ದಿ ಕೇಳಿ ನರ್ಸಮ್ಮ ಕೆರಳಿದಳು.

"ಮನುಷ್ಯನ್ನ ಒಳಗಿಟ್ಟು ಬೀಗ ಹಾಕ್ತಾರೇನ್ರೀ? ಬೆಂಕಿ ಬಿದ್ರೆ?"

"ಎಲ್ರಿಗಿಂತ ಮೊದ್ಲು ಇವ್ರೇ ಆಚೆ ಇರ್ತಾರೆ" ಎಂದರು ಕಂಡಕ್ಟರು.

ನರ್ಸಮ್ಮ ಅವರ ಕಡೆ ನೋಡದೆ ಮೇಷ್ಟ್ರ ಕಡೆ ತಿರುಗಿದಳು. "ಬೀಗ ತೆಗೆದು ಎಲ್ಲಿಗೆ ಹೋಗ್ತೀರಿ ಮೇಷ್ಟ್ರೇ?"

"ಬೀಗ ಬಿದ್ದಿದೆ ಅಂದ್ರೆ ಯಾರೋ ಕರೆಸಿದಾರೆ ಅಂತ ತಾನೆ? ಕಷ್ಟಪಟ್ಟು ತೆಗೆದ್ರೆ ಆಚೆ ಒಂದು ನರಪಿಳ್ಳೆ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ? ಕರೆಸಿದೋರನ್ನ ಹುಡುಕ್ತೀನಿ."

ಹೆಂಡತಿ ಕಣ್ಣು ಕಣ್ಣು ಬಿಟ್ಟಳು. "ಇದನ್ನ ನನಗ್ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಮಾರನೆಯ ದಿನದಿಂದ ಹಗಲೆಲ್ಲ ಬಾಗಿಲು ತೆರೆದೇ ಇತ್ತು. ತೆರೆದ ಬಾಗಿಲಲ್ಲಿ ಮೇಷ್ಟ್ರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಡೆ ಅವರು ಹೋಗುವವರ ಪೈಕಿಯಲ್ಲ. ಕಂಡಕ್ಟರು ತಮ್ಮ ಹೊಸಿಲಲ್ಲಿ ಕುರ್ಚಿ ಹಾಕಿಕೊಂಡು ಒಂದು ಕಣ್ಣು ಇತ್ತ ಇಟ್ಟರು. ದಿನಕ್ಕೊಮ್ಮೆ ತಾವೇ ಆ ಬಾಗಿಲಿಗೆ ಬೀಗ ಹಾಕಿ, ಹೊರಗೆ ನಿಂತು, "ಮೇಷ್ಟ್ರೇ, ಕೀಲಿಕೈ ಕಳ್ಕೊಂಡ್ಬಿಟ್ಟೆ" ಎಂದು ಗೋಳಾಡುತ್ತಿದ್ದರು. ಮೇಷ್ಟ್ರು ತೆಗೆದು, "ವಯಸ್ಸಾಯ್ತು ನಿಮಗೆ, ನೆನಪಿಟ್ಕೊಳ್ಳಿ" ಎಂದು ಬೈದು, ಒಳಗೆ ಹೋಗಿ ಹಾಯಾಗಿ ಮಲಗುತ್ತಿದ್ದರು. ಲಾಂಡ್ರಿಗೆ ಫೋನು ಹೋಗುವುದು ನಿಂತಿತು.

ಒಂದು ಸಂಜೆ ಕಂಡಕ್ಟರಿಗೆ ಹಲ್ಲುನೋವು. ಮೇಷ್ಟ್ರ ಹೆಂಡತಿ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬರುವುದನ್ನು ನೋಡಿ, "ಇವತ್ತು ನೀನೇ ಗಿರಾಕಿ ಆಗಮ್ಮ" ಎಂದು ದವಡೆ ಹಿಡಿದುಕೊಂಡು ಬೀಗ ತಿರುಗಿಸಿ, ಕೀಲಿಕೈ ಅವಳ ಕೈಗಿತ್ತರು. ಅವಳು ಅದನ್ನು ಚೀಲಕ್ಕೆ ಹಾಕಿ ಬಾಗಿಲು ತಟ್ಟಿದಳು.

"ರೀ, ಕೀಲಿಕೈ ಕಳೆದೋಗಿದೆ. ಬಾಗಿಲು ತೆಗೀರಿ."

"ತೆಗೀಬಹುದು. ಇದು ನಿಮ್ಮನೇನೇ ಅಂತ ಏನು ಖಾತ್ರಿ? ಒಳಗೆ ಏನಿದೆ ಹೇಳಿ."

"ಬಾಗಿಲ ಹಿಂದೆ ನೀಲಿ ಛತ್ರಿ. ಕಡ್ಡಿ ಮುರಿದಿದೆ."

"ಅಂಥದ್ದು ಎಲ್ರ ಮನೇಲೂ ಇರುತ್ತೆ."

"ಗೋಡೆ ಗಡಿಯಾರ ಇದೆ. ಓಡಲ್ಲ."

"ಮತ್ತೆ?"

"ನನ್ನ ಗಂಡ ಇದಾರೆ."

ಒಳಗೆ ಚಪ್ಪಲಿಯ ಸಪ್ಪಳ ಅಡುಗೆಮನೆಗೆ ಹೋಯಿತು, ಮಲಗುವ ಕೋಣೆಗೆ ಹೋಯಿತು, ಬಚ್ಚಲಿಗೂ ಹೋಗಿ ವಾಪಸು ಬಂತು.

"ಎಲ್ಲಾ ಕಡೆ ನೋಡ್ದೆ ತಾಯಿ. ಯಾರೂ ಇಲ್ಲ. ನಾನೊಬ್ನೇ."

ಅವಳು ಬಾಗಿಲಿಗೆ ಹಣೆ ಆನಿಸಿ ನಿಂತಳು. ಎದುರು ಹೊಸಿಲಲ್ಲಿ ಕಂಡಕ್ಟರು ಹಲ್ಲುನೋವು ಮರೆತು ನೋಡುತ್ತಿದ್ದರು.

"ನೀವೊಬ್ರು ಇದೀರಲ್ಲ, ಸಾಕು. ತೆಗೀರಿ."

"ಛತ್ರಿ, ಗಡಿಯಾರ ಎರಡೂ ಸರಿಯಾಗಿದೆ" ಎಂದು ತಮಗೆ ತಾವೇ ಹೇಳಿಕೊಂಡದ್ದು ಕೇಳಿಸಿತು. ತಂತಿ ಆಡಿತು. ಬೀಗ ಕಟಕ್ಕೆಂದಿತು.

ಮೇಷ್ಟ್ರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಇಸ್ತ್ರಿಯ ಹಬೆಗೆ ಕೆಂಪೇರಿದ ಕೈ ನೋಡಿದರು.

"ದಣಿದಿದೀರಿ. ಒಳಗೆ ಬನ್ನಿ. ಹೆಂಗಸರು ಒಬ್ರೇ ಇರೋದು ಬೇಡ, ನಿಮ್ಮ ಯಜಮಾನ್ರು ಬರೋತನಕ ನಾನು ಕೂತಿರ್ತೀನಿ."

"ಅವ್ರು ಬರೋದು ತಡ ಆಗುತ್ತೆ" ಎಂದಳು.

"ಆಗ್ಲಿ. ನನಗೇನೂ ಅವಸರ ಇಲ್ಲ."

ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಸಾಮಾನಿನ ಚೀಲ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ಅವಳು ಇಬ್ಬರಿಗೂ ಚಹಾಕ್ಕಿಟ್ಟಳು.